ಓದುಗರು ಕೇಳಿದ್ದಾರೆ: ಮರಿಯನ್ನು ತಿಂದ ತಾಯಿ ರಾಕ್ಷಸಿಯೇ?

ಪ್ರಶ್ನೆ: ಮಗಳ ಹಟಕ್ಕೆ ಇಲಿಯಂಥ ಪುಟ್ಟ ಸಾಕುಪ್ರಾಣಿ ಹ್ಯಾಮ್‌ಸ್ಟರ್ ಒಂದು ಜೋಡಿ ತಂದೆವು. ಹೆಣ್ಣು ಏಳು ಮರಿ ಹಾಕಿತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಐದೇ ಇದ್ದವು. ತಾಯಿಯೇ ತಿಂದಿದೆ. ಮಗಳು ಅದನ್ನು ‘ರಾಕ್ಷಸಿ’ ಎನ್ನುತ್ತಾಳೆ, ಕಾಳು ಹಾಕಲೂ ಒಪ್ಪುತ್ತಿಲ್ಲ. ಅವಳಿಗೆ ಏನು ಹೇಳಲಿ?
– ಓದುಗಿ, ಮೈಸೂರು

ಉತ್ತರ: ನಿಮ್ಮ ಮಗಳ ಸಂಕಟ ನನಗೆ ಅರ್ಥವಾಗುತ್ತದೆ. ಪ್ರಾಣಿಶಾಸ್ತ್ರದ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಪ್ರಯೋಗಾಲಯದ ಪಂಜರದ ಮುಂದೆ ನಾನೂ ಹೀಗೆಯೇ ಕೈಚೆಲ್ಲಿ ನಿಂತಿದ್ದೇನೆ. ಅವಳನ್ನು ಹತ್ತಿರ ಕೂರಿಸಿಕೊಂಡು ಈ ಕಥೆ ಹೇಳಿ.

1930ರ ಏಪ್ರಿಲ್‌ನಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೊ ಬಳಿ ಒಂದು ಗೋಧಿ ಹೊಲವನ್ನು ಅಗೆಸಿದ. ಜೆರುಸಲೇಮಿನ ಸಾಲ್ ಆಡ್ಲರ್ ಎಂಬ ವಿಜ್ಞಾನಿಗೆ ಕಾಲಾ ಅಜಾರ್ ಜ್ವರದ ಅಧ್ಯಯನಕ್ಕೆ ಹ್ಯಾಮ್‌ಸ್ಟರ್ ಬೇಕಾಗಿತ್ತು. ಆಳದ ಬಿಲದಲ್ಲಿ ಒಂದು ತಾಯಿ, ಹನ್ನೊಂದು ಮರಿಗಳು ಸಿಕ್ಕವು. ಪೆಟ್ಟಿಗೆಗೆ ಹಾಕಿದ್ದೇ ತಡ, ತಾಯಿ ಹತ್ತಿರ ಬಂದ ಮರಿಯೊಂದರ ತಲೆಯನ್ನೇ ಕಚ್ಚಿಹಾಕಿತು. ಉಳಿದವನ್ನು ಅಹರೋನಿ ದಂಪತಿ ಕೈಯಾರೆ ಸಾಕಿದರು. ಕೆಲವು ತಪ್ಪಿಸಿಕೊಂಡವು, ಕೆಲವು ಸತ್ತವು. ಬದುಕಿದ ಬೆರಳೆಣಿಕೆಯ ಅಣ್ಣ-ತಂಗಿಯರಿಂದಲೇ ವಂಶ ಬೆಳೆಯಿತು. ಇಂದು ಜಗತ್ತಿನ ಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳು ಬಹುಪಾಲು ಆ ಒಂದು ಬಿಲದ ಸಂತಾನ. ನಿಮ್ಮದೂ ಹೊಂಬಣ್ಣದ್ದಾಗಿದ್ದರೆ, ಆ ಬೆದರಿದ ತಾಯಿ ಅದಕ್ಕೆ ಅಜ್ಜಿಯ ಅಜ್ಜಿಯ ಅಜ್ಜಿ.

ತನ್ನ ನೆಲದಲ್ಲಿ ಈ ಪ್ರಾಣಿ ಒಂಟಿ. ಒಂದು ಬಿಲಕ್ಕೆ ಒಂದೇ ಜೀವ. ಗಂಡು ಬಂದು ಕೂಡಿ ಹೊರಟುಹೋಗುತ್ತದೆ. ಗರ್ಭ ಕೇವಲ 16 ದಿನ. ಮರಿಗಳು ಕಣ್ಣು ಮುಚ್ಚಿಕೊಂಡು, ಮೈಮೇಲೆ ಒಂದು ಕೂದಲೂ ಇಲ್ಲದೆ ಹುಟ್ಟುತ್ತವೆ. ಅಂಥ ಬಾಣಂತಿಯ ಪಕ್ಕದಲ್ಲೇ ಗಂಡನ್ನು ಬಿಟ್ಟರೆ, ಗೂಡಿಗೆ ಕೈ ಹಾಕಿ ಮರಿಗಳನ್ನು ಎತ್ತಿ ನೋಡಿದರೆ ಅದಕ್ಕೆ ಓಡಿಹೋಗಲು ಇನ್ನೊಂದು ಬಿಲ ಎಲ್ಲಿದೆ? ಇಂದೇ ಗಂಡನ್ನು ಬೇರೆ ಪಂಜರಕ್ಕೆ ಹಾಕಿ, ಮತ್ತೆ ಕೂಡಿಸಬೇಡಿ. ಎರಡು ವಾರ ಗೂಡನ್ನು ಮುಟ್ಟಬೇಡಿ. ನೀರು ತಪ್ಪದಿರಲಿ. ನೆನೆಸಿದ ಕಾಳು, ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಆ ಚೂರನ್ನು ಮಗಳ ಕೈಯಿಂದಲೇ ಹಾಕಿಸಿ.

ಪ್ರಶ್ನೆ: ಗೋವಿನಜೋಳ ತಿಂದು ಹ್ಯಾಮ್‌ಸ್ಟರ್‌ಗಳಿಗೆ ಹುಚ್ಚು ಹಿಡಿಯುತ್ತದಂತೆ, ಹೌದೇ? ನಾವು ನಾಲ್ಕು ಎಕರೆ ಅದನ್ನೇ ಬೆಳೆಯುತ್ತೇವೆ.
– ಓದುಗರು, ಹಾವೇರಿ

ಉತ್ತರ: ಹೌದು. ಮೈಸೂರಿನ ತಾಯಿಯೂ ಈ ಉತ್ತರವನ್ನು ಓದಲಿ.

ಇದು ಯುರೋಪಿನ ಹ್ಯಾಮ್‌ಸ್ಟರ್‌ನ ಕಥೆ. ಮನೆಯಲ್ಲಿ ಸಾಕುವುದಕ್ಕಿಂತ ಬಹಳ ದೊಡ್ಡದು, ಹೊಟ್ಟೆ ಕಪ್ಪು. ಫ್ರಾನ್ಸಿನ ಅಲ್ಸಾಸ್ ಸೀಮೆಯ ಹೊಲಗಳಲ್ಲಿ ಒಂದು ಕಾಲಕ್ಕೆ ರೈತರು ಪೀಡೆಯೆಂದು ಕೊಲ್ಲುವಷ್ಟಿತ್ತು. ಆಮೇಲೆ ಅಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳವಾಯಿತು. ಸಂತತಿ ಕುಸಿಯಿತು. ಅದನ್ನು ಕಾಪಾಡಲಿಲ್ಲವೆಂದು 2011ರಲ್ಲಿ ಯುರೋಪಿನ ನ್ಯಾಯಾಲಯ ಫ್ರಾನ್ಸನ್ನೇ ತಪ್ಪಿತಸ್ಥ ಎಂದಿತು. 2020ರಲ್ಲಿ ಈ ಪ್ರಾಣಿ ಅಳಿವಿನ ಅಂಚಿನ ಪಟ್ಟಿ ಸೇರಿತು.

ಸ್ಟ್ರಾಸ್‌ಬರ್ಗಿನಲ್ಲಿ ಮಥಿಲ್ಡ್ ಟಿಸ್ಸಿಯೆ ಮತ್ತು ಸಂಗಡಿಗರು ಕಾರಣ ಹುಡುಕಿ 2017ರಲ್ಲಿ ಪ್ರಕಟಿಸಿದರು. ಮೆಕ್ಕೆಜೋಳವನ್ನೇ ಮುಖ್ಯ ಆಹಾರವಾಗಿ ಕೊಟ್ಟ ತಾಯಂದಿರಿಗೂ ಮರಿಗಳೇನೋ ಹುಟ್ಟಿದವು. ಆದರೆ ತಾಯಿ ಗೂಡಿಗೆ ಬರದೆ ಪಂಜರದಲ್ಲಿ ಸುತ್ತುತ್ತಿತ್ತು. ನಾಲಿಗೆ ಊದಿ ಕಪ್ಪಾಗಿತ್ತು. ಮರಿಗಳನ್ನು ಕೂಡಿಟ್ಟ ಜೋಳದ ರಾಶಿಯ ಮೇಲೇ ಹಾಕಿ, ಜೀವಂತವಾಗಿಯೇ ತಿಂದಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಬಿ3 ಜೀವಸತ್ವ ಸೇರಿಸಿ ಕೊಟ್ಟಾಗ ಅದೇ ಜೋಳ ತಿಂದ ತಾಯಂದಿರು ಮರಿಗಳನ್ನು ಸಾಕಿದವು.

ಮೆಕ್ಕೆಜೋಳದಲ್ಲಿ ಆ ಸತ್ವ ಇದ್ದರೂ ಮೈಗೆ ದಕ್ಕದಂತೆ ಬಿಗಿದುಕೊಂಡಿರುತ್ತದೆ. ಮೆಕ್ಸಿಕೊದ ಜನ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅದನ್ನು ಬಿಡಿಸಿಕೊಂಡರು. ಆ ಕ್ರಮ ಅರಿಯದೆ ಬರೀ ಮೆಕ್ಕೆಜೋಳ ಉಂಡ ಬಡವರು ಯುರೋಪ್, ಅಮೆರಿಕಗಳಲ್ಲಿ ಪೆಲಾಗ್ರಾ ರೋಗಕ್ಕೆ ಬಿದ್ದರು: ಚರ್ಮ ಸುಲಿಯಿತು, ಬುದ್ಧಿ ಕದಡಿತು. ನಮ್ಮ ದಖ್ಖನಿನಲ್ಲೂ ಬಿಳಿಜೋಳವೊಂದನ್ನೇ ನಂಬಿದ್ದ ಕೂಲಿಕಾರರಲ್ಲಿ ಹೈದರಾಬಾದಿನ ಆಹಾರ ವಿಜ್ಞಾನಿ ಸಿ. ಗೋಪಾಲನ್ 1960ರ ಸುಮಾರಿಗೆ ಈ ರೋಗವನ್ನು ಗುರುತಿಸಿದರು. ರೊಟ್ಟಿಯ ಪಕ್ಕದ ಶೇಂಗಾ ಚಟ್ನಿಯಲ್ಲಿ ಆ ಸತ್ವ ಧಾರಾಳವಾಗಿದೆ.

ನಿಮ್ಮ ಹೊಲದ ಬದುವಿನಲ್ಲಿ ಹುಲ್ಲು, ಕಳೆ, ಹುಳು ಇರುವವರೆಗೆ ಇಲಿಗೆ ಬೇರೆ ತುತ್ತು ಉಂಟು. ಬದುವನ್ನು ಬೋಳಿಸಬೇಡಿ. ಜೋಳದ ನಡುವೆ ನಾಲ್ಕು ಸಾಲು ತೊಗರಿ ಹಾಕಿದರೆ ಇನ್ನೂ ಸಂತೋಷ.

ಪ್ರಶ್ನೆ: ಹ್ಯಾಮ್‌ಸ್ಟರ್ ಅಷ್ಟು ಕಾಳನ್ನು ಬಾಯಲ್ಲಿ ಎಲ್ಲಿ ತುಂಬುತ್ತದೆ?
– ಏಳನೆಯ ತರಗತಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ದೇವಸ್ಥಾನದ ಕೋತಿ ಕಡಲೆಯನ್ನು ಗಬಗಬನೆ ಕೆನ್ನೆಗೆ ತುಂಬಿಕೊಂಡು ಮರ ಹತ್ತುವುದನ್ನು ನೋಡಿದ್ದೀಯಲ್ಲ? ಅಂಥದೇ ಚೀಲ, ಆದರೆ ಇದರದು ಹೆಗಲು ದಾಟಿ ಹಿಂದಕ್ಕೆ ಹೋಗುತ್ತದೆ. ಕೋತಿಗೂ ಇದಕ್ಕೂ ನೆಂಟಸ್ತನದಿಂದ ಬಂದದ್ದಲ್ಲ. ಎರಡು ವಂಶಗಳಲ್ಲಿ ಬೇರೆಬೇರೆಯಾಗಿ ಮೂಡಿದ್ದು. ಒಮ್ಮೆ ನಾನು ಕಡಲೆಕಾಳು ಕೊಟ್ಟು ಎಣಿಸಿದೆ: ಇಪ್ಪತ್ತೇಳು. ತಲೆ ಮೈಗಿಂತ ಅಗಲವಾಯಿತು. ಮೂಲೆಗೆ ಹೋಗಿ ಮುಂಗಾಲುಗಳಿಂದ ಹೆಗಲಿನ ಕಡೆಯಿಂದ ಮುಂದಕ್ಕೆ ಒತ್ತಿತು. ಕಾಳುಗಳು ಒಂದರ ಹಿಂದೊಂದು ಉದುರಿದವು. ಒಂದಕ್ಕೂ ಹಲ್ಲಿನ ಗುರುತಿರಲಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಕಾಡು ಹ್ಯಾಮ್‌ಸ್ಟರ್ ಇದೆಯೇ?
– ಓದುಗರು, ಬೆಂಗಳೂರು

ಉತ್ತರ: ಇದೆ, ಆದರೆ ಕರ್ನಾಟಕದಲ್ಲಿ ಅಲ್ಲ. ನಮ್ಮ ಇಲಿ, ಹೆಗ್ಗಣ, ಜೆರ್ಬಿಲ್‌ಗಳು ಒಂದು ಕುಟುಂಬ. ಹ್ಯಾಮ್‌ಸ್ಟರ್, ಮತ್ತೆ ಚಳಿನಾಡಿನ ಇಲಿಯಂಥ ಲೆಮ್ಮಿಂಗ್, ವೋಲ್‌ಗಳದು ಇನ್ನೊಂದು. ಲಡಾಖ್, ಕಾಶ್ಮೀರದ ಎತ್ತರದಲ್ಲಿ ಬೂದು ಬಣ್ಣದ ಕಿರು ಹ್ಯಾಮ್‌ಸ್ಟರ್ ಇದೆ. ಬೆನ್ನು ಕಲ್ಲಿನ ಬಣ್ಣ, ಹೊಟ್ಟೆ ಬಿಳಿ, ಬಾಲ ಮೋಟು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು.