ಒಂದೇ ಪತ್ರದಲ್ಲಿ ಮೂರು ದೂರು ತುಂಬಿಸ್ಬೇಡಿ

ನಮಸ್ಕಾರ ಮೇಡಂ,

ನಿಮ್ಮ ಉದ್ದದ ಪತ್ರ ಪೂರ್ತಿ ಓದಿದೆ. ಬೆಂಗಳೂರಲ್ಲಿ ಬಾಡಿಗೆ ಮನೆ, ಸಂಪಿಗೆ ಬರೋ ಕಾವೇರಿ ನೀರಲ್ಲಿ ಚರಂಡಿ ವಾಸನೆ, ಓನರ್‌ನ ಕೇಳಿದ್ರೆ "ಆಗಲ್ಲ ಅಂದ್ರೆ ಖಾಲಿ ಮಾಡಿ" ಅಂತಾರೆ, ಮಗನಿಗೆ ಟೈಫಾಯ್ಡ್ ಆಗಿ ಪ್ರೈವೇಟ್ ಆಸ್ಪತ್ರೆಗೆ ಸೇರಿಸಿದ್ರೆ ಆಯುಷ್ಮಾನ್ ಕಾರ್ಡ್ ಮೂಸಿನೂ ನೋಡ್ದೆ ಪೂರ್ತಿ ಬಿಲ್ ಕಟ್ಟಿಸ್ಕೊಂಡ್ರು, ಇದೆಲ್ಲಾ ಸೇರಿಸಿ ಮುಖ್ಯಮಂತ್ರಿಗಳಿಗೆ ಬರೆದೆ, ಉತ್ತರ ಇಲ್ಲ, ಈಗ ರೇರಾಗೆ ಹೋಗ್ಲಾ ಅಂತ ಕೇಳಿದ್ದೀರಿ.

ರೇರಾ ಬೇಡ, ಅದು ಬಿಲ್ಡರ್ ಹತ್ರ ಫ್ಲ್ಯಾಟು ಸೈಟು ಕೊಂಡವರಿಗೆ, ಬಾಡಿಗೆದಾರರಿಗಲ್ಲ. ನಿಮ್ಮ ಪಾಲಿಗೆ ಇದು ಒಂದೇ ಕಷ್ಟ, ಸರ್ಕಾರಕ್ಕೆ ಮಾತ್ರ ಬೇರೆಬೇರೆ ಫೈಲು. ಎಲ್ಲಾ ಒಂದರಲ್ಲೇ ಬರೆದ್ರೆ ಪ್ರತಿಯೊಬ್ರೂ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಪಕ್ಕಕ್ಕೆ ತಳ್ತಾರೆ.

ಮೊದಲು ನೀರು. ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರ್ಕೊಳ್ಳಿ, ಫೋನಲ್ಲೇ ಬಿಟ್ಬಿಡ್ಬೇಡಿ, ನಿಮ್ಮ ಸಬ್ ಡಿವಿಜನ್ ಎಂಜಿನಿಯರ್‌ಗೆ ಬರವಣಿಗೆಲೂ ಕೊಡಿ. ನಿಮ್ಮ ಪತ್ರದಲ್ಲಿ "ಅಧಿಕಾರಿಗಳ ನಿರ್ಲಕ್ಷ್ಯದಿಂದ ಬಡವರ ಬದುಕು ನರಕವಾಗಿದೆ" ಅಂತ ಇದೆ, ನಿಜ ಇರ್ಬಹುದು, ಆದ್ರೆ ಅದನ್ನ ಓದಿ ಎಂಜಿನಿಯರ್ ಎಲ್ಲಿ ಅಗೆಸ್ಬೇಕು? "ವಿಷಯ: ಕುಡಿಯುವ ನೀರಿನ ಪೈಪಿಗೆ ಒಳಚರಂಡಿ ನೀರು ಸೇರುತ್ತಿರುವ ಬಗ್ಗೆ" ಅಂತ ಹಾಕಿ, ನೀರಿನ ಬಿಲ್‌ನಲ್ಲಿರೋ ಆರ್‌ಆರ್ ನಂಬರ್, ಯಾವ ತಾರೀಖಿಂದ ವಾಸನೆ, ಬೀದಿಲಿ ಇನ್ಯಾರ ಮನೆಲಿ ಹೀಗಾಗಿದೆ, ಸ್ಯಾಂಪಲ್ ತೆಗೆದು ಟೆಸ್ಟ್ ಮಾಡಿಸಿ ವರದಿ ಕೊಡಿ ಅನ್ನೋ ಮನವಿ, ಇಷ್ಟು ಸಾಕು. ಅಕ್ಕಪಕ್ಕದವರ ಸಹಿ ಇದ್ರೆ ಇನ್ನೂ ಒಳ್ಳೇದು. ಎರಡು ಪ್ರತಿ ಒಯ್ದು ಟಪಾಲು ಟೇಬಲ್ಲಲ್ಲಿ ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸ್ಕೊಂಡೇ ಅಲ್ಲಿಂದ ಏಳಿ. "ಇಟ್ಟೋಗಿ ಮೇಡಂ, ನೋಡ್ತೀವಿ" ಅಂತಾರೆ. ಇಟ್ಟು ಬರ್ಬೇಡಿ. ಟೈಫಾಯ್ಡ್ ರಿಪೋರ್ಟ್ ಜೊತೆ ಒಂದು ಪ್ರತಿ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಕೊಡಿ.

ಹಾಗೇ ಪಕ್ಕದ ಮನೆಯವರ ನೀರು ಚೆನ್ನಾಗಿದ್ದು ನಿಮ್ಮ ಸಂಪು ಮಾತ್ರ ನಾರ್ತಿದ್ರೆ ತಪ್ಪು ಕಾಂಪೌಂಡ್ ಒಳಗೇ ಇರ್ಬಹುದು, ಆಗ ರಿಪೇರಿ ಓನರ್ ತಲೆಗೆ. ಸ್ಯಾಂಪಲ್ ವರದಿ ಕೈಲಿದ್ರೆ ಅವ್ರ ಹತ್ರ ಮಾತಾಡೋಕೂ ಬಲ ಬರತ್ತೆ.

ಇನ್ನು ಆಸ್ಪತ್ರೆ. ಇಲ್ಲಿ ನಿಮಗೆ ಹಿತ ಅನ್ಸದ ಮಾತು ಹೇಳ್ಬೇಕು. ನಮ್ಮ ರಾಜ್ಯದ ಆಯುಷ್ಮಾನ್ ಯೋಜನೆಲಿ ತುರ್ತು ಕೇಸ್ ಬಿಟ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ದೆ ನೇರ ಪ್ರೈವೇಟ್‌ಗೆ ಹೋದ್ರೆ ಕಾರ್ಡ್ ನಡೆಯಲ್ಲ. ಚೀಟಿ ಇತ್ತಾ, ಆ ಆಸ್ಪತ್ರೆ ಯೋಜನೆ ಪಟ್ಟಿಲಿದ್ಯಾ ಅಂತ ನೋಡ್ಕೊಳ್ಳಿ, ಎರಡೂ ಇದ್ರೆ ಆರೋಗ್ಯ ಸಹಾಯವಾಣಿ 104ಕ್ಕೆ ದೂರು ಕೊಡಿ. ಇಲ್ದಿದ್ರೆ ಕಾರ್ಡಿನ ಜಗಳ ಬಿಟ್ಟು ಬಿಲ್ ಹಿಡೀರಿ. ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆ ಪ್ರಕಾರ ದರಪಟ್ಟಿ ಜನಕ್ಕೆ ಕಾಣೋ ಹಾಗೆ ಹಾಕಿರ್ಬೇಕು, ಅದರ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಹೋಗತ್ತೆ. ಅದಕ್ಕೂ ಮುಂಚೆ ಐಟಂವಾರು ಬಿಲ್, ಕೇಸ್ ಶೀಟ್ ಬರವಣಿಗೆಲಿ ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡ್ಬೇಕು ಅಂತ ವೈದ್ಯರ 2002ರ ನಿಯಮಾವಳಿನೇ ಹೇಳತ್ತೆ. ದುಡ್ಡು ವಾಪಸ್ ಬೇಕಂದ್ರೆ ಗ್ರಾಹಕರ ಆಯೋಗ ಇದೆ, ಎರಡು ವರ್ಷದೊಳಗೆ ಹೋಗ್ಬೇಕು.

ಮುಖ್ಯಮಂತ್ರಿಗಳಿಗೆ ಬರೆದದ್ದು ತಪ್ಪಲ್ಲ, ಆದ್ರೆ ಆ ಥರದ್ದಕ್ಕೆ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ, ಅಲ್ಲಿ ಹಾಕಿದ್ರೆ ನಂಬರ್ ಸಿಗತ್ತೆ, ದೂರು ಎಲ್ಲಿ ಕೂತಿದೆ ಅಂತಾದ್ರೂ ಗೊತ್ತಾಗತ್ತೆ.

ಎಲ್ಲೂ ಏನೂ ಅಲ್ಲಾಡ್ಲಿಲ್ವಾ, ಆ ಸೀಲ್ ಹಾಕಿದ ಪ್ರತಿ ಜೆರಾಕ್ಸ್ ಮಾಡಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, "ನನ್ನ ಅರ್ಜಿ ಮೇಲೆ ಯಾವ ತಾರೀಖು ಏನು ಕ್ರಮ ಆಗಿದೆ, ಕಡತದ ಪ್ರತಿ ಕೊಡಿ" ಅಂತ. 30 ದಿನದೊಳಗೆ ಉತ್ತರ ಬರ್ಬೇಕು. ನಮ್ಮಲ್ಲಿ ಆರ್‌ಟಿಐ ಅರ್ಜಿಗೆ 150 ಪದ, ಒಂದೇ ವಿಷಯ ಅಂತ ರೂಲ್ ಬೇರೆ ಇದೆ, ನಿಮ್ಮ ಪತ್ರದ ಉದ್ದ ನೋಡಿದ್ರೆ ಅದೇ ಕಷ್ಟದ ಕೆಲಸ!

– ಸಂ.