ಭೃಂಗರಾಜದ ಬೀಜ ಎರಡು ಸಲ ಬಿತ್ತಿದರೂ ಮೊಳೆಯಲಿಲ್ಲ. ಬದಲಿಸಬೇಕಾದದ್ದು ಬೀಜವನ್ನೋ, ಮಣ್ಣನ್ನೋ?

ಎರಡನ್ನೂ ಬದಲಿಸಬೇಡಿ. ಬೀಜವನ್ನು ಒಂದಂಗುಲ ಆಳಕ್ಕೆ ಹಾಕಿ ಚೆನ್ನಾಗಿ ಮಣ್ಣು ಮುಚ್ಚಿದ್ದಾಗಿ ನೀವು ಬರೆದಿದ್ದೀರಿ. ಕೆಲವು ಮಳೆಗಾಲಗಳ ಹಿಂದೆ ನಾನು ಮಾಡಿದ್ದೂ ಅದನ್ನೇ.

ಮಣ್ಣನ್ನು ಜರಡಿ ಹಿಡಿದು, ಕಳಿತ ಗೊಬ್ಬರ ಬೆರೆಸಿ, ಅವರೆಕಾಳು ಊರುವವನ ಶ್ರದ್ಧೆಯಿಂದ ಸಾಲು ತೆಗೆದು ಬೀಜ ಹಾಕಿ ಮುಚ್ಚಿದೆ; ಅದೂ ಸಾಲದೆಂಬಂತೆ ತೇವ ಆರದಿರಲೆಂದು ಮೇಲೆ ಒಣಹುಲ್ಲನ್ನು ಹೊದಿಸಿದೆ. ಮೂರು ವಾರ ಕಾದರೂ ಒಂದು ಸಸಿಯೂ ಏಳಲಿಲ್ಲ. ಬೀಜ ಹಳತೆಂದು ತೀರ್ಮಾನಿಸಿ ಹೊಸದನ್ನು ತಂದು, ಈ ಸಲ ಇರುವೆಗಳ ಪಾಲಾಗಬಾರದೆಂದು ಇನ್ನೂ ಆಳಕ್ಕೆ ಇಳಿಸಿದೆ. ಆ ಮಳೆಗಾಲ ಹಾಗೆಯೇ ಕಳೆದುಹೋಯಿತು. ಆದರೆ ಬೀಜ ಕೇರಿದ ಮೊರವನ್ನು ಕೊಡವಿದ್ದ ಜಾಗದಲ್ಲಿ, ನೀರಿನ ತೊಟ್ಟಿಯ ಪಕ್ಕದ ಕೆಸರಿನಲ್ಲಿ, ಯಾರೂ ಆರೈಕೆ ಮಾಡದ ಗರುಗದ, ಅಂದರೆ ಇದೇ ಭೃಂಗರಾಜದ, ಸಸಿಗಳು ಒತ್ತೊತ್ತಾಗಿ ನಿಂತಿದ್ದವು!

ಗರುಗದ ಬೀಜ ಮೊಳೆಯಲು ಬೆಳಕು ಬೇಕು. ಅರ್ಧ ಸೆಂಟಿಮೀಟರ್ ಮಣ್ಣು ಮೇಲೆ ಬಿದ್ದರೂ ಅದು ಬಹುಮಟ್ಟಿಗೆ ಮೇಲೇಳುವುದಿಲ್ಲ. ಎರಡು–ಮೂರು ಮಿಲಿಮೀಟರ್ ಉದ್ದದ ಆ ಕಾಳಿನೊಳಗೆ ಆಳದಿಂದ ಮೊಳಕೆಯನ್ನು ಮೇಲಕ್ಕೆ ತಳ್ಳುವಷ್ಟು ಬುತ್ತಿ ಇರುವುದಿಲ್ಲವಾದ್ದರಿಂದ, ಬೆಳಕು ತಾಗುವವರೆಗೆ ಸುಮ್ಮನಿರುವುದೇ ಅದಕ್ಕೆ ಕ್ಷೇಮ. ನಾನು ಮುಚ್ಚಿದ ಮಣ್ಣು ಒಂದು ತಪ್ಪಾದರೆ, ಹೊದಿಸಿದ ಹುಲ್ಲು ಅದೇ ತಪ್ಪಿನ ಎರಡನೆಯ ಪದರ. ಇನ್ನೂ ಆಳಕ್ಕೆ ಹಾಕಿದ್ದಂತೂ ಕತ್ತಲೆಗೆ ಕದ ಹಾಕಿ ಅಗುಳಿಯನ್ನೂ ಇಕ್ಕಿದಂತೆ. ಒದ್ದೆ ಮಣ್ಣಿನ ಮೇಲೆ ಬೀಜ ಉದುರಿಸಿ ಅಂಗೈಯಿಂದ ಒತ್ತಿದರೆ ಬಿತ್ತನೆ ಮುಗಿಯಿತು. ಬೀಜ ನೀರಿನಲ್ಲಿ ತೇಲುವುದರಿಂದ ಮೇಲಿನಿಂದ ನೀರು ಸುರಿಯದೆ, ಕುಂಡದ ತಳವನ್ನು ನೀರಿನಲ್ಲಿಟ್ಟು ಮಣ್ಣೇ ಹೀರಿಕೊಳ್ಳುವಂತೆ ಮಾಡಿ. ಬೆಚ್ಚಗಿನ ದಿನಗಳಲ್ಲಿ ಒಂದು ವಾರದೊಳಗೆ ಹಸಿರು ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಬೀಜದಿಂದಲೇ ಬೆಳೆಸಬೇಕೆಂಬ ನಿಮ್ಮ ಹಟವೇ ನನಗೆ ಅನವಶ್ಯಕವೆನಿಸುತ್ತದೆ. ನೆಲಕ್ಕೊರಗಿದ ಗರುಗದ ಕಾಂಡ ಗೆಣ್ಣುಗೆಣ್ಣಿನಲ್ಲೂ ತಾನಾಗಿಯೇ ಬೇರು ಬಿಡುತ್ತದೆ. ಎರಡು–ಮೂರು ಗೆಣ್ಣುಗಳಿರುವ ತುಂಡೊಂದನ್ನು ಗದ್ದೆಯ ಬದುವಿನಿಂದಲೋ ಕೆರೆಯ ಅಂಚಿನಿಂದಲೋ ತಂದು ಹಸಿ ಮಣ್ಣಿಗೆ ಸಿಕ್ಕಿಸಿದರೆ ಸಾಕು. ಚರಂಡಿಯ ಬದಿಯಲ್ಲಿ ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಅಲ್ಲಿಂದ ಸೊಪ್ಪು ಕೀಳಬೇಡಿ. ಕೊಳಕು ನೀರಿನಲ್ಲಿರುವ ಭಾರಲೋಹಗಳನ್ನು ಈ ಗಿಡ ಹೀರಿಕೊಳ್ಳಬಲ್ಲದು.

ತರುವ ಮುನ್ನ ಗುರುತು ಖಚಿತಪಡಿಸಿಕೊಳ್ಳಿ, ಏಕೆಂದರೆ ಒಣ ಜಾಗದಲ್ಲಿ ಹಬ್ಬುವ ಟ್ರೈಡ್ಯಾಕ್ಸ್ ಎಂಬ ಕಳೆಯನ್ನೇ ಗರುಗವೆಂದು ಕಿತ್ತು ತರುವವರು ಬಹಳ. ಟ್ರೈಡ್ಯಾಕ್ಸ್ ಹೂವು ಉದ್ದನೆಯ ತೊಟ್ಟಿನ ಮೇಲೆ ಒಂಟಿಯಾಗಿ ನಿಲ್ಲುತ್ತದೆ ಮತ್ತು ಅದರ ಬೀಜಕ್ಕೆ ಗಾಳಿಯಲ್ಲಿ ಹಾರುವ ನವಿರು ಕುಚ್ಚಿರುತ್ತದೆ. ಗರುಗದ ಬಿಳಿ ಹೂವು ಚಿಕ್ಕದು, ಬೀಜಕ್ಕೆ ಅಂಥ ಕುಚ್ಚಿಲ್ಲ, ಎಲೆಗಳು ಎದುರುಬದುರಾಗಿ ಹೆಚ್ಚುಕಡಿಮೆ ತೊಟ್ಟಿಲ್ಲದೆಯೇ ಅಂಟಿಕೊಂಡಿರುತ್ತವೆ. ಸಂದೇಹವಿದ್ದರೆ ಕಾಂಡವನ್ನು ಮುರಿದು ಉಜ್ಜಿ. ಸ್ವಲ್ಪ ಹೊತ್ತಿಗೆ ರಸ ಕಪ್ಪಾಗುತ್ತದೆ.

ಕುಂಡದಲ್ಲಿಯೇ ಬೆಳೆಸಿ ಎಂಬುದು ನನ್ನ ಕೊನೆಯ ಮಾತು. ಮೊಳೆಯಲಿಲ್ಲವೆಂದು ನಾನು ಕೈಬಿಟ್ಟಿದ್ದ ಮಡಿಯನ್ನು ಮರುವರ್ಷ ಚೆಂಡುಹೂವಿಗೆಂದು ಅಗೆದಾಗ, ಎರಡೂ ಸಲ ಹೂತ ಬೀಜಗಳು ಮೇಲೆ ಬಂದು ಬೆಳಕು ಕಂಡವು. ಆ ಮಡಿಯಲ್ಲಿ ಈಗಲೂ ಗರುಗವನ್ನು ಕೀಳುತ್ತಲೇ ಇದ್ದೇನೆ.