ಕ್ಯಾರವಾನ್ ಯಾಕೆ ಅಲ್ಲಾಡುತ್ತೆ?

ಪ್ರಶ್ನೆ: ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಮನೆಗಾಡಿ) ನಿಲ್ಲಿಸಿ ಮೂಲೆಗಳಲ್ಲಿರೋ ನಾಲ್ಕೂ ಕಾಲು ಗಟ್ಟಿಯಾಗಿ ತಿರುಗಿಸಿ ಎತ್ತಿ ಲೆವೆಲ್ ಮಾಡ್ತೀನಿ, ಆದ್ರೂ ಒಳಗೆ ನಡೆದ್ರೆ ಅಲ್ಲಾಡುತ್ತೆ, ಬಾಗಿಲೂ ಸರಿಯಾಗಿ ಕೂರಲ್ಲ. ಯಾಕೆ ಸಾರ್?

ಉತ್ತರ: ಎಡವಟ್ಟು ಇರೋದೇ ಅಲ್ಲಿ, ಆ ಕಾಲುಗಳು ಜ್ಯಾಕ್ ಅಲ್ಲ, ಗಾಡಿ ಅಲ್ಲಾಡದ ಹಾಗೆ ಹಿಡ್ಕೊಳ್ಳೋಕೆ ಅಷ್ಟೇ, ಅದ್ರಲ್ಲೇ ಎತ್ತೋಕೆ ಹೋದ್ರೆ ಚಾಸಿ, ಅಂದ್ರೆ ಗಾಡಿ ತಳದ ಚೌಕಟ್ಟು, ತಿರುಚಿಕೊಂಡು ಬಾಗಿಲು ಹಿಡಿಯುತ್ತೆ. ಮೊದ್ಲು ಎಡ-ಬಲ ನೋಡಿ, ತಗ್ಗಿರೋ ಕಡೆ ಚಕ್ರನ ರ‍್ಯಾಂಪ್ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು ಆಮೇಲೇನೇ ಕಾರಿಂದ ಬಿಚ್ಚಿ. ಹಿಂದೆ-ಮುಂದೆ ಲೆವೆಲ್ಲು ಜಾಕಿ ವೀಲ್, ಅಂದ್ರೆ ಗಾಡಿ ಮೂತೀಲಿರೋ ಪುಟ್ಟ ಚಕ್ರದ ಹಿಡಿ ತಿರುಗಿಸಿ, ಒಳಗೆ ನೆಲದ ಮೇಲೆ ರಸಮಟ್ಟ ಇಟ್ಟು ಗುಳ್ಳೆ ಮಧ್ಯಕ್ಕೆ ಬರೋವರ್ಗೂ. ಕಾಲು ಇಳಿಸೋದು ಕೊನೇಗೆ, ನೆಲ ಮೆತ್ತಗಿದ್ರೆ ಕೆಳಗೊಂದು ಹಲಗೆ. ಅಂದ್ಹಾಗೆ ಗ್ಯಾಸಲ್ಲೂ ಓಡೋ ಫ್ರಿಜ್ಜಿದ್ರೆ ಗಾಡಿ ಓರೆ ನಿಂತಾಗ ಅದೂ ಸರಿಯಾಗಿ ತಣ್ಣಗಾಗಲ್ಲ.